ಹೂತ ಟ್ರ್ಯಾಕ್ಟರ್ ಎಳೆಯೋ ಮುಂಚೆ: ಹಗ್ಗ ಎಲ್ಲಿಗೆ ಕಟ್ತೀರಿ?

ನಾಟಿಗೆ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರ್ ಹೂತುಕೊಳ್ಳೋದು ಹೊಸದಲ್ಲ. ಗಂಗಾವತಿ, ಸಿಂಧನೂರು ಕಡೆಯ ಎರೆಮಣ್ಣಾದರೆ ಕೇಳೋದೇ ಬೇಡ. ಆಗ ಎಲ್ಲರೂ ಮಾಡೋದು ಒಂದೇ: ಎಕ್ಸಲೇಟರ್ ಒತ್ತೋದು. ಗಾಲಿ ತಿರುಗಿದಷ್ಟೂ ಗುಂಡಿ ಆಳವಾಗುತ್ತೆ, ಕೊನೆಗೆ ಹಿಂದಿನ ಆಕ್ಸಲ್ಲೇ ಮಣ್ಣಿನ ಮೇಲೆ ಕೂರುತ್ತೆ.

ಹಿಂದಿನ ಎರಡೂ ಗಾಲಿಗೆ ಮರದ ದಿಮ್ಮಿ ಕಟ್ಟಿ ಗಾಡಿ ಮುಂದಕ್ಕೆ ಹತ್ತಿಸೋ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಎಷ್ಟೋ ಸಲ ಅದು ಕೆಲಸ ಮಾಡುತ್ತೆ, ಅಪಾಯ ಇರೋದೂ ಅಲ್ಲೇ. ದಿಮ್ಮಿ ಮಣ್ಣಿನಲ್ಲಿ ಸಿಕ್ಕಿ ಗಾಲಿ ತಿರುಗದಿದ್ರೆ ಇಂಜಿನ್ನಿನ ಬಲ ಗಾಡಿಯನ್ನೇ ಆಕ್ಸಲ್ ಸುತ್ತ ಮೇಲೆತ್ತುತ್ತೆ. ಮೂತಿ ಎದ್ದು ಹಿಂದಕ್ಕೆ ಮಗುಚೋಕೆ ಒಂದೂವರೆ ಸೆಕೆಂಡ್ ಸಾಕು. ಕ್ಲಚ್ ಒತ್ತೋಣ ಅಂತ ಹೊಳೆಯೋದರೊಳಗೆ ಚಾಲಕ ಕೆಳಗಿರ್ತಾನೆ.

ಗಾಲಿ ಜಾರಿದ ಕೂಡಲೇ ನಿಲ್ಲಿಸಿ. ರೋಟವೇಟರ್ ಬಿಚ್ಚಿ, ಗಾಲಿಯ ಹಿಂದಿನ ಮಣ್ಣನ್ನ ಸಲಿಕೆಯಿಂದ ತೆಗೆದು ಇಳಿಜಾರು ಮಾಡಿ. ಒಂದೇ ಗಾಲಿ ತಿರುಗ್ತಿದ್ರೆ, ಅದು ಪೂರ್ತಿ ನಿಂತ ಮೇಲೆ ಡಿಫರೆನ್ಷಿಯಲ್ ಲಾಕ್ ಹಾಕಿ, ಸ್ಟೇರಿಂಗ್ ನೇರ ಇಟ್ಟು ರಿವರ್ಸ್‌ನಲ್ಲಿ ನಿಧಾನವಾಗಿ ಬಿಡಿ. ರಿವರ್ಸ್‌ನಲ್ಲಿ ಅದೇ ಬಲ ಮೂತಿಯನ್ನ ಕೆಳಗೆ ಒತ್ತುತ್ತೆ.

ಆಗಲಿಲ್ಲ ಅಂದ್ರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಸಿ. ಎಳೆಯೋ ಗಾಡಿಗೆ ಹಗ್ಗ ಕಟ್ಟೋ ಜಾಗ ಡ್ರಾಬಾರ್ ಒಂದೇ, ಆಕ್ಸಲ್ಲಿಗಿಂತ ಕೆಳಗೆ. ಟಾಪ್ ಲಿಂಕಿಗೋ ಆಕ್ಸಲ್ಲಿಗೋ ಕಟ್ಟಿದ್ರೆ ಸಹಾಯಕ್ಕೆ ಬಂದವರ ಗಾಡಿಯೇ ಮಗುಚಬಹುದು. "ಕೈಗೆ ಸಿಗೋದೇ ಟಾಪ್ ಲಿಂಕ್" ಅಂತೀರಿ, ಗೊತ್ತು. ಬಗ್ಗೋಕೆ ಎರಡು ನಿಮಿಷ ಬೇಕಷ್ಟೆ.

ಇನ್ನು ಹಗ್ಗದ ವಿಷಯ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತೆ, ತುಂಡಾದ್ರೆ ತುದಿಯ ಕೊಕ್ಕೆಯನ್ನೂ ಹೊತ್ತುಕೊಂಡು ಹಾರುತ್ತೆ. ಎಳೆ ಬಿಟ್ಟ ವೈರ್ ರೋಪ್, ಬೋಲ್ಟ್ ಹಾಕಿ ಜೋಡಿಸಿದ ಚೈನ್ ಎರಡೂ ಬೇಡ. ಸಡಿಲ ಬಿಟ್ಟು ಜರ್ಕ್ ಹೊಡೆಯೋ ಅಭ್ಯಾಸ ಬಿಡಿ. ಮೊದಲು ಹಗ್ಗ ಬಿಗಿಯಾಗಲಿ, ಆಮೇಲೆ ಲೋ ಗೇರ್‌ನಲ್ಲಿ ಎಳೆಯಿರಿ. ಸನ್ನೆ ಮಾಡೋನು ಒಬ್ಬನೇ ಇರಲಿ. ಉಳಿದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ. ವಿಡಿಯೋ ಮಾಡ್ತಾ ನಿಂತ ಹುಡುಗರನ್ನೂ ಬದುವಿನ ಆಚೆ ಕಳಿಸಿ.