ಅಡಿಕೆ ಮರದ ತೂಕ ಎಲ್ಲಿಂದ ಬಂತು?

ನಿಮ್ಮ ಮಗು ಏಳನೆಯದೋ ಎಂಟನೆಯದೋ ಓದುತ್ತಿದ್ದರೆ ಒಮ್ಮೆ ಕೇಳಿ ನೋಡಿ: ಇಷ್ಟು ಎತ್ತರದ ಅಡಿಕೆ ಮರದ ತೂಕವೆಲ್ಲ ಎಲ್ಲಿಂದ ಬಂತು? ‘ಮಣ್ಣಿನಿಂದ, ಗೊಬ್ಬರದಿಂದ’ ಎಂದರೆ ಬೈಯಬೇಡಿ. ವರ್ಷವರ್ಷವೂ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ಬುಡಕ್ಕೆ ಹಾಕುವುದನ್ನು ಕಂಡ ಕಾಸರಗೋಡಿನ ಮಗುವಿಗೆ ಹಾಗನ್ನಿಸುವುದು ಸಹಜ.

ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೋ ಒಣಮಣ್ಣು ತುಂಬಿದ ಕುಂಡದಲ್ಲಿ ಎರಡೂಕಾಲು ಕಿಲೋದ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡ 76 ಕಿಲೋ ದಾಟಿತು. ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಮಿನಷ್ಟೂ ಇಲ್ಲ. ಎಲ್ಲವೂ ನೀರಿನಿಂದಲೇ ಬಂತೆಂದು ಆತ ತಿಳಿದ. ಗಾಳಿಯ ಇಂಗಾಲದ ಡೈಆಕ್ಸೈಡಿಗೂ ಅದರಲ್ಲಿ ದೊಡ್ಡ ಪಾಲಿದೆ ಎಂದು ಗೊತ್ತಾದದ್ದು ಆಮೇಲೆ. ಗೊಬ್ಬರ ಕೊಡುವುದು ಸಾರಜನಕ, ರಂಜಕ, ಪೊಟ್ಯಾಸಿಯಂನಂಥವನ್ನು. ಅವು ಬೇಕಾದದ್ದು ಸ್ವಲ್ಪವೇ, ಆದರೆ ಇಲ್ಲದಿದ್ದರೆ ಮರ ಏಳದು. ಶಕ್ತಿ ಮಾತ್ರ ಬಿಸಿಲಿನಿಂದಲೇ.

ಪಾಠಪುಸ್ತಕದ ‘ಶಕ್ತಿಯ ಹರಿವು’, ‘ದ್ರವ್ಯದ ಚಕ್ರ’ ಎರಡನ್ನೂ ತೋರಿಸಲು ಹಟ್ಟಿಯ ಹಿಂದಿನ ಗೊಬ್ಬರದ ರಾಶಿ ಸಾಕು. ಗುಡ್ಡೆಯ ಸೊಪ್ಪು, ತರಗೆಲೆ ಹಟ್ಟಿಗೆ ಬಂತು, ದನದ ಕಾಲಡಿ ಸೆಗಣಿ-ಮೂತ್ರ ಸೇರಿ ರಾಶಿಗೆ ಹೋಯಿತು, ಕೊಳೆತು ತೋಟಕ್ಕೆ ಇಳಿಯಿತು. ಸೊಪ್ಪಿನಲ್ಲಿದ್ದ ಸಾರಜನಕ ಈಗ ಅಡಿಕೆಯ ಬುಡದಲ್ಲಿದೆ. ಇದು ದ್ರವ್ಯದ ದಾರಿ. ಇನ್ನು ಬೆಳಗಿನ ಚಳಿಯಲ್ಲಿ ಹೊಸ ರಾಶಿಯನ್ನು ಮಗುವಿನ ಕೈಯಲ್ಲೇ ಸ್ವಲ್ಪ ಕೆದಕಿಸಿ. ಒಳಗೆ ಬಿಸಿ ಇರುತ್ತದೆ, ಕೆಲವೊಮ್ಮೆ ಹಬೆಯೂ ಏಳುತ್ತದೆ. ಎಲೆ ಎಂದೋ ಹಿಡಿದಿಟ್ಟ ಬಿಸಿಲನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬಳಸಿಕೊಳ್ಳುವಾಗ ಹೊರಬೀಳುವ ಶಾಖ ಅದು. ಗಾಳಿಗೆ ಹೋದ ಆ ಶಾಖವನ್ನು ಯಾವ ಎಲೆಯೂ ಮತ್ತೆ ಹಿಡಿಯಲಾರದು. ಸಾರಜನಕ ತಿರುಗಿ ಬರುತ್ತದೆ, ಶಕ್ತಿ ಬರುವುದಿಲ್ಲ. ದಿನವೂ ಹೊಸ ಬಿಸಿಲೇ ಬೇಕು.

ಹುಲ್ಲು, ಮಿಡತೆ, ಕಪ್ಪೆ, ಕೇರೆಹಾವು ಎಂಬ ಸರಪಳಿಯಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವ ಶಕ್ತಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಮಿಡತೆಗಳಷ್ಟು ಕೇರೆಹಾವುಗಳು ಗದ್ದೆಯಲ್ಲಿ ಇಲ್ಲದಿರುವುದು ಅದಕ್ಕೇ. ಬಾಣದ ಗುರುತನ್ನೂ ಒಮ್ಮೆ ನೋಡಿ. ತಿನ್ನುವವರಿಂದ ಆಹಾರದ ಕಡೆಗೆ ಬಾಣ ಎಳೆಯುವ ಮಕ್ಕಳು ಬಹಳ. ಶಕ್ತಿ ಹೋಗುವ ಕಡೆಗೆ ಬಾಣದ ಮೊನೆ ಇರಬೇಕು, ಮಿಡತೆಯಿಂದ ಕಪ್ಪೆಗೆ.

ಆಹಾರಜಾಲದಲ್ಲಿ ಆಹಾರವೊಂದೇ ಹರಿಯುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಸಿದ ಎಂಡೋಸಲ್ಫಾನ್ ಗೇರಿನ ಮೇಲಷ್ಟೇ ನಿಲ್ಲಲಿಲ್ಲ. ಸಿಂಪಡಣೆ 2000ದ ಕೊನೆಗೆ ನಿಂತಿತು, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಇದನ್ನು ಮಕ್ಕಳಿಂದ ಮುಚ್ಚಿಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಭಾಷೆಯ ಮಾತು. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಮರಾಟಿ ಯಾವುದೇ ಇರಲಿ, ಸೊಪ್ಪು-ಗೊಬ್ಬರದ ವಿಷಯವನ್ನು ಆ ಮಾತಿನಲ್ಲೇ ಹೇಳಿ; ‘ವಿಘಟಕರು’ ಎಂಬ ಪದ ಅದರ ಮೇಲೆ ತಾನಾಗಿ ಕೂರುತ್ತದೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗುವುದು ಇಲ್ಲಿ ಹಳೆಯ ಕಥೆ. ಅಲ್ಲಿ ಮಗು ‘ಊರ್ಜಂ’ ಎಂದು ಕೇಳಿ ಬರುತ್ತದೆ, ಪರೀಕ್ಷೆಗೆ ‘ಶಕ್ತಿ’ ಎಂದು ಬರೆಯಬೇಕು. ಎರಡೂ ಒಂದೇ ಎಂದು ಹೇಳುವವರಿಲ್ಲದಿದ್ದರೆ ಮಗು ಎರಡನ್ನೂ ಬಾಯಿಪಾಠ ಮಾಡಿ ಸುಮ್ಮನಾಗುತ್ತದೆ. ಮುಂದಿನ ಪಿ.ಟಿ.ಎ. ಸಭೆಯಲ್ಲಿ ಅಂಕದ ಜೊತೆಗೆ ಇದನ್ನೂ ವಿಚಾರಿಸಿ: ಈ ಪಾಠವನ್ನು ತರಗತಿಯಲ್ಲಿ ಯಾವ ಭಾಷೆಯಲ್ಲಿ ವಿವರಿಸಿದರು?