ಹಲ್ಮಿಡಿಯಲ್ಲಿ ಎಷ್ಟು ಅಕ್ಷರ? ಪೈಥಾನ್ ಲೆಕ್ಕದಲ್ಲಿ ಏಳು!

ಬೇಲೂರು ತಾಲ್ಲೂಕಿನ ‘ಹಲ್ಮಿಡಿ’ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಶಾಲೆಯ ಮಗುವನ್ನು ಕೇಳಿ. ಹ, ಲ್ಮಿ, ಡಿ ಎಂದು ಬೆರಳು ಮಡಚಿ ‘ಮೂರು’ ಎನ್ನುತ್ತದೆ. ಅದೇ ಹೆಸರನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ಗೆ ಕೊಟ್ಟು ‘ಲಿಸ್ಟ್’ ಮಾಡಿಸಿದರೆ ಏಳು ತುಂಡುಗಳು ಬರುತ್ತವೆ: ಹ, ಲ, ಹಲಂತದ ಚಿಹ್ನೆ, ಮ, ಗುಡಿಸು, ಡ, ಮತ್ತೊಂದು ಗುಡಿಸು.

ಯಂತ್ರ ತಪ್ಪೇನೂ ಮಾಡಿಲ್ಲ. ಕಂಪ್ಯೂಟರಿನ ಲಿಪಿಸಂಕೇತ ವ್ಯವಸ್ಥೆಯಾದ ಯುನಿಕೋಡ್‌ನಲ್ಲಿ ವ್ಯಂಜನಕ್ಕೂ ಗುಣಿತದ ಚಿಹ್ನೆಗೂ ಹಲಂತಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. 2008ರಲ್ಲಿ ಬಂದ ಪೈಥಾನ್ 3 ಎಣಿಸುವುದು ಆ ಸಂಖ್ಯೆಗಳನ್ನು, ನಾವು ಉಚ್ಚರಿಸುವ ಅಕ್ಷರಗಳನ್ನಲ್ಲ.

ಪಠ್ಯದ ಸ್ಟ್ರಿಂಗ್ ಅನ್ನು ಲಿಸ್ಟ್ ಮಾಡುವುದು ಪೈಥಾನ್ ಕಲಿಯುವವರ ಮೊದಲ ಪಾಠಗಳಲ್ಲೊಂದು. ‘ಲಿಸ್ಟ್’ ಎಲ್ಲವನ್ನೂ ಬಿಡಿಬಿಡಿ ಮಾಡುತ್ತದೆ. ‘ಸ್ಪ್ಲಿಟ್’ ನಾವು ಹೇಳಿದ ಕಡೆ ಮಾತ್ರ ಕತ್ತರಿಸುತ್ತದೆ. ಏನೂ ಹೇಳದಿದ್ದರೆ ತೆರಪು ಕಂಡಲ್ಲೆಲ್ಲ ಕತ್ತರಿ. ‘ಬೇಲೂರು ಚೆನ್ನಕೇಶವ,1117;ಅರಸೀಕೆರೆ ಈಶ್ವರ,1220’ ಎಂಬ ಸಾಲನ್ನೇ ನೋಡಿ. ಹಾಗೇ ಸ್ಪ್ಲಿಟ್ ಮಾಡಿದರೆ ಚೆನ್ನಕೇಶವನ ಇಸವಿ ಅರಸೀಕೆರೆಗೆ ಅಂಟಿಕೊಂಡು ಬರುತ್ತದೆ. ಮೊದಲು ಅರ್ಧವಿರಾಮದಲ್ಲಿ, ಆಮೇಲೆ ಅಲ್ಪವಿರಾಮದಲ್ಲಿ ಕತ್ತರಿಸಿದರೆ ದೇವಾಲಯ ಒಂದು ಕಡೆ, ಇಸವಿ ಒಂದು ಕಡೆ. ಆದರೂ 1117 ಇನ್ನೂ ಬರಹವೇ. ‘ಇಂಟ್’ ಬಳಸಿ ಸಂಖ್ಯೆ ಮಾಡಿಕೊಂಡ ಮೇಲಷ್ಟೇ ಎರಡು ಗುಡಿಗಳ ನಡುವಣ 103 ವರ್ಷಗಳ ಅಂತರ ಸಿಗುತ್ತದೆ.

ಕನ್ನಡದ ನಿಜವಾದ ಪೇಚು ಗೊತ್ತಾಗಬೇಕಾದರೆ ‘ಬೇಲೂರು’ ಪದವನ್ನು ಹಿಂದುಮುಂದು ಮಾಡಿಸಬೇಕು. ರುಲೂಬೇ ಬರಬೇಕಿತ್ತು. ಪೈಥಾನ್ ತನ್ನ ಆರು ತುಂಡುಗಳನ್ನು ತಿರುಗಿಸಿ ಜೋಡಿಸಿದಾಗ ಮೊದಲಿಗೇ ಒಂಟಿ ಕೊಂಬು, ಅದರ ಹಿಂದೆ ‘ರೂಲೇಬ’. ಲಕಾರದ ದೀರ್ಘ ರಕಾರಕ್ಕೆ ಹೋಯಿತು, ಬಕಾರದ ಏತ್ವ ಲಕಾರಕ್ಕೆ ಬಂತು. ಹೆಸರುಗಳ ಮೊದಲಕ್ಷರ ತೆಗೆಯುವ, ಪದಬಂಧ ತಯಾರಿಸುವ, ಛಂದಸ್ಸಿನ ಮಾತ್ರೆ ಎಣಿಸುವ ಪ್ರೋಗ್ರಾಂಗಳು ಕನ್ನಡದಲ್ಲಿ ಎಡವುವುದು ಇಲ್ಲೇ.

ಇದಕ್ಕೆ ಪರಿಹಾರ ನಮ್ಮ ಕಾಗುಣಿತದಲ್ಲೇ ಇದೆ. ತುಂಡುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತ ಸಿಕ್ಕರೆ ಹಿಂದಿನದಕ್ಕೆ ಸೇರಿಸಿ. ಹಿಂದಿನದು ಹಲಂತದಲ್ಲಿ ಮುಗಿದು ಈಗ ಬಂದದ್ದು ವ್ಯಂಜನವಾದರೆ ಅದನ್ನೂ ಸೇರಿಸಿ, ಅದೇ ಒತ್ತಕ್ಷರ. ಉಳಿದದ್ದೆಲ್ಲ ಹೊಸ ಅಕ್ಷರ. ಹತ್ತು ಸಾಲಿನೊಳಗೆ ಮುಗಿಯುವ ಈ ನಿಯಮದಿಂದ ಹಲ್ಮಿಡಿಗೆ ಮೂರು, ಹಳೇಬೀಡಿಗೆ ನಾಲ್ಕು, ಅರಸೀಕೆರೆಗೆ ಐದು ಅಕ್ಷರಗಳು ಸರಿಯಾಗಿ ಬರುತ್ತವೆ.

ಅಕ್ಷರದ ಕಗ್ಗಂಟು ಬಿಡಿಸಿದರೂ ಪದದ್ದು ಉಳಿಯುತ್ತದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಇಂದಿನಂತೆ ತೆರಪು ಬಿಡುತ್ತಿರಲಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುರಿಯುತ್ತಿತ್ತು. ಅಂಥ ಪಾಠವನ್ನು ಸಾಲುಸಾಲಾಗಿ ಕತ್ತರಿಸಿದರೆ ಪದವೇ ಎರಡಾಗಬಹುದು. ತೆರಪು ಹುಡುಕಿದರೆ ಕತ್ತರಿಗೆ ಕೆಲಸವೇ ಇಲ್ಲ. 1902ರಲ್ಲಿ ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟದಲ್ಲಿ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಶಾಸನಗಳನ್ನು ಪದ ಬಿಡಿಸಿ ಓದಿಕೊಟ್ಟದ್ದು ಸಂಧಿ, ಸಮಾಸ ಬಲ್ಲ ಪಂಡಿತರ ಕಣ್ಣು. ಆ ವಿವೇಚನೆ ಸ್ಪ್ಲಿಟ್ ಆಜ್ಞೆಗಿಲ್ಲ.

ಕತ್ತರಿಸುವುದು ಪೈಥಾನ್‌ಗೆ ಕ್ಷಣದ ಕೆಲಸ. ಎಲ್ಲಿ ಕತ್ತರಿಸಬೇಕೆಂದು ಹೇಳುವವರು ಕನ್ನಡ ಬಲ್ಲವರಾಗಿರಬೇಕು. ಹಾಗಾಗಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಮನವಿ: ಸ್ಟ್ರಿಂಗ್ ಪಾಠಕ್ಕೆ ಇಂಗ್ಲಿಷಿನ ‘ಹಲೋ ವರ್ಲ್ಡ್’ ಒಂದೇ ಸಾಲದು, ಮಕ್ಕಳಿಂದ ಅವರವರ ಊರಿನ ಹೆಸರನ್ನೂ ಕನ್ನಡದಲ್ಲೇ ಟೈಪ್ ಮಾಡಿಸಿ.