ಅತ್ತರಿನಿಂದ ಅರಿಷ್ಟದವರೆಗೆ

ಜುಮ್ಮಾದ ದಿನ ಮಧ್ಯಾಹ್ನ ದಾವಣಗೆರೆಯ ಆಜಾದ್ ನಗರದ ಕಡೆ ಕಾಲಿಟ್ಟರೆ ಮೊದಲು ಎದುರುಗೊಳ್ಳುವುದು ಅತ್ತರಿನ ಘಮ. ಮಂಡಕ್ಕಿ ಭಟ್ಟಿಯ ಕೆಲಸ ಬಿಟ್ಟು, ಸ್ನಾನ ಮುಗಿಸಿ, ಇಸ್ತ್ರಿ ಜುಬ್ಬಾ ತೊಟ್ಟು ಬರುವವರು ಮಸೀದಿ ಎದುರಿನ ತಳ್ಳುಗಾಡಿಯ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಗಾಡಿಯ ಮೇಲೆ ಬೆರಳುದ್ದದ ಶೀಶೆಗಳು: ಗುಲಾಬ್, ಖಸ್, ಊದ್, ಸಂದಲ್. ವ್ಯಾಪಾರಿ ಗಾಜಿನ ಕಡ್ಡಿ ಅದ್ದಿ ಗಿರಾಕಿಯ ಮುಂಗೈ ಮೇಲೆ ಎಳೆಯುತ್ತಾನೆ. ವಯಸ್ಸಾದವರು ಹತ್ತಿಯ ಸಣ್ಣ ಉಂಡೆಗೆ ತಾಗಿಸಿ ಕಿವಿಯ ಮಡಿಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಹುಡುಗರ ಕೈ ಮಾತ್ರ ಪಕ್ಕದ ಸ್ಪ್ರೇ ಬಾಟಲಿಗೆ ಹೋಗುತ್ತದೆ. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ ಕೇಳುತ್ತಾರೆ: "ಇದ್ರಲ್ಲಿ ಆಲ್ಕೋಹಾಲ್ ಐತಲ್ಲ, ಹಾಕ್ಕೊಂಡ್ರೆ ನಮಾಜ್ ಆಗತ್ತಾ?"

ಕೇಳಲೇಬೇಕಾದ ಪ್ರಶ್ನೆ ಇದು. ನಮಾಜಿಗೆ ಮೈ, ಬಟ್ಟೆ, ನಿಂತ ಜಾಗ ಮೂರೂ ಪಾಕ್ ಆಗಿರಬೇಕು. ಕುರ್‌ಆನಿನ ಐದನೇ ಅಧ್ಯಾಯ ಮದ್ಯವನ್ನು ಹೊಲಸು ಎಂದು ಕರೆದು ದೂರವಿಡಲು ಹೇಳುತ್ತದೆ. ಹಾಗಾದರೆ ಅಂಗಿಗೆ ಬಿದ್ದ ಸ್ಪ್ರೇ ಹನಿಯೂ ಹೊಲಸೇ?

ದಾವಣಗೆರೆ, ಹರಿಹರದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥದವರು. ಇಮಾಮ್ ಅಬೂ ಹನೀಫಾ ದ್ರಾಕ್ಷಿ, ಖರ್ಜೂರದಿಂದ ತಯಾರಾದ ಮದ್ಯಕ್ಕೂ ಬೇರೆ ಮೂಲದ್ದಕ್ಕೂ ವ್ಯತ್ಯಾಸ ಮಾಡಿದ್ದರು. ಅವರ ಶಿಷ್ಯ ಇಮಾಮ್ ಮುಹಮ್ಮದ್ ನಶೆ ಬರಿಸುವ ಎಲ್ಲವನ್ನೂ ಒಂದೇ ಸಾಲಿಗೆ ಹಚ್ಚಿದರು. ಕುಡಿಯುವ ವಿಚಾರದಲ್ಲಿ ಫತ್ವಾ ಶಿಷ್ಯನ ಮಾತಿನ ಮೇಲೆ ನಿಂತಿದೆ. ಆದ್ದರಿಂದ ಬಿಯರ್ ಆಗಲಿ ಸೇಂದಿಯಾಗಲಿ, ಒಂದು ಗುಟುಕೂ ಹರಾಂ. ಮೈಗೆ ಹಚ್ಚುವ ವಸ್ತುಗಳ ವಿಚಾರದಲ್ಲಿ ಮಾತ್ರ ಪಾಕಿಸ್ತಾನದ ಮುಫ್ತಿ ತಕೀ ಉಸ್ಮಾನಿ ಅವರಂಥ ಇಂದಿನ ಹಲವು ವಿದ್ವಾಂಸರು ಗುರುವಿನ ಮಾತಿಗೆ ಮರಳಿದ್ದಾರೆ. ಸುಗಂಧದ್ರವ್ಯಕ್ಕೆ, ಔಷಧಿಗೆ ಬಳಸುವ ಆಲ್ಕೋಹಾಲ್ ಬಹುಪಾಲು ದ್ರಾಕ್ಷಿಯದಲ್ಲ, ಖರ್ಜೂರದ್ದೂ ಅಲ್ಲ ಎಂಬುದೇ ಅವರ ಆಧಾರ. ನಮ್ಮ ಜಿಲ್ಲೆಯಲ್ಲೇ ನೋಡಿ: ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಎಥನಾಲ್ ತಯಾರಿಸುತ್ತದೆ. ದೇಶದ ಎಥನಾಲ್ ಹೆಚ್ಚಾಗಿ ಕಬ್ಬಿನ ಕಾಕಂಬಿ, ಮೆಕ್ಕೆಜೋಳ, ಅಕ್ಕಿಯಿಂದಲೇ ಬರುವುದು. ಸ್ಪ್ರೇ ಹಾಕಿಕೊಂಡವನ ನಮಾಜ್ ಆಗುತ್ತದೆ ಎಂದು ಈ ವಿದ್ವಾಂಸರು ಹೇಳುವುದು ಈ ಲೆಕ್ಕದಲ್ಲಿ.

ಎಲ್ಲರೂ ಇದನ್ನು ಒಪ್ಪಿಲ್ಲ. ಬರೇಲಿಯ ಅಹ್ಮದ್ ರಜಾ ಖಾನ್ ಸ್ಪಿರಿಟನ್ನು ನಾಪಾಕ್ ಎಂದೇ ಕಂಡವರು, ಅವರನ್ನು ಅನುಸರಿಸುವವರು ಇಲ್ಲಿ ಬಹಳ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಆ ಪಂಥದ ಹಳೆಯ ನಿಲುವಿನಲ್ಲಿ ನಶೆ ಬರಿಸುವ ದ್ರವವೆಲ್ಲ ನಜಿಸ್, ಅಂದರೆ ನಾಪಾಕ್. ಅಂಥವರಿಗೆ ಅತ್ತರಿನ ಶೀಶೆ ನಿಶ್ಚಿಂತೆಯ ದಾರಿ. ಸಾಂಪ್ರದಾಯಿಕ ಅತ್ತರಿನ ತಳಪಾಯ ಗಂಧದೆಣ್ಣೆ, ಅದರಲ್ಲಿ ಆಲ್ಕೋಹಾಲಿನ ಗೊಡವೆಯೇ ಇಲ್ಲ.

ಅಲ್ಲಿಂದ ಆಸ್ಪತ್ರೆಗಳಿರುವ ಬಡಾವಣೆಗೆ ಬಂದರೆ ಮಾತಿನ ತೂಕ ಬದಲಾಗುತ್ತದೆ. ಔಷಧಿ ಅಂಗಡಿಯ ಗಲ್ಲೆಯ ಮೇಲೆ ಈಗಲೂ ಸ್ಯಾನಿಟೈಸರ್ ಬಾಟಲಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಅದರಲ್ಲಿ ಶೇ 80ರಷ್ಟು ಎಥನಾಲ್. 2020ರಲ್ಲಿ ಮಸೀದಿ ಬಾಗಿಲಲ್ಲಿ ಅದನ್ನು ಕೈಗೆ ಹಾಕಿಸಿಕೊಳ್ಳಲು ಹಿಂಜರಿದವರಿದ್ದರು. ಆದರೆ ಮಕ್ಕಾದ ಫಿಕ್ಹ್ ಅಕಾಡೆಮಿ 2002ರಲ್ಲೇ ತೀರ್ಮಾನ ಕೊಟ್ಟಾಗಿತ್ತು: ಗಾಯ ತೊಳೆಯಲು, ರೋಗಾಣು ಕೊಲ್ಲಲು, ಹಚ್ಚುವ ಮುಲಾಮಿನಲ್ಲಿ ಆಲ್ಕೋಹಾಲ್ ಬಳಸಬಹುದು. ಬೇರೆ ದಾರಿ ಇಲ್ಲದಿದ್ದಾಗ, ತಯಾರಿಕೆಗೆ ಬೇಕಾದಷ್ಟೇ ಅಲ್ಪ ಪ್ರಮಾಣವಿರುವ ಔಷಧಿಯನ್ನು ನಂಬಿಕಸ್ಥ ವೈದ್ಯರ ಸಲಹೆಯ ಮೇಲೆ ಕುಡಿಯಲೂಬಹುದು. ಕೆಮ್ಮಿನ ಸಿರಪ್ಪು, ಹೋಮಿಯೋಪಥಿಯ ಹನಿ ಎರಡಕ್ಕೂ ಇದೇ ಅಳತೆಗೋಲು. ಮುಖದ ಕ್ರೀಮಿನ ಮೇಲಿರುವ 'ಸಿಟೈಲ್ ಆಲ್ಕೋಹಾಲ್' ಕಂಡು ಗಾಬರಿಯಾಗುವವರಿಗೆ ಒಂದು ಮಾತು: ಅದು ಮೇಣದಂಥ ಕೊಬ್ಬು, ನಶೆಗೂ ಅದಕ್ಕೂ ಸಂಬಂಧವಿಲ್ಲ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಚೌಕಿಪೇಟೆ ಕಡೆಯ ಗ್ರಂಧಿಗೆ ಅಂಗಡಿ. ದಶಮೂಲಾರಿಷ್ಟ, ದ್ರಾಕ್ಷಾಸವದ ಕಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಬಾಣಂತಿಗೆ ಅರಿಷ್ಟ ಕೊಡುವ ರೂಢಿ ನಮ್ಮ ಸೀಮೆಯಲ್ಲಿ ಜಾತಿ ಧರ್ಮ ನೋಡಿ ಬಂದದ್ದಲ್ಲ. ಇದರಲ್ಲಿ ಆಲ್ಕೋಹಾಲನ್ನು ಯಾರೂ ಹೊರಗಿನಿಂದ ಸುರಿಯುವುದಿಲ್ಲ. ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಬಾಯಿ ಕಟ್ಟಿ ವಾರಗಟ್ಟಲೆ ಇಟ್ಟಾಗ ಅದು ತಾನಾಗಿ ಹುಟ್ಟುತ್ತದೆ, ಬಾಟಲಿಯ ಚೀಟಿಯಲ್ಲೂ ಹಾಗೆಂದೇ ಬರೆದಿರುತ್ತದೆ. ತಾನಾಗಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ಹಲಾಲ್ ಆಗುವುದಿಲ್ಲ, ಹೆಂಡದಲ್ಲೂ ಅದು ತಾನಾಗಿಯೇ ಹುಟ್ಟುತ್ತದೆ. ಮೇಲಾಗಿ ದ್ರಾಕ್ಷಾಸವದ ಮೂಲ ದ್ರಾಕ್ಷಿಯೇ, ದಶಮೂಲಾರಿಷ್ಟಕ್ಕೂ ಒಣದ್ರಾಕ್ಷಿ ಬೀಳುತ್ತದೆ. ಕಾಕಂಬಿಗೆ ಸಿಕ್ಕ ರಿಯಾಯಿತಿ ಇವಕ್ಕೆ ನೇರವಾಗಿ ಸಲ್ಲದು. ಆದರೆ ಅದೇ ಹತ್ತು ಬೇರುಗಳ ದಶಮೂಲ ಕಷಾಯದ ಪುಡಿ ಅದೇ ಅಂಗಡಿಯಲ್ಲಿ ಸಿಗುತ್ತದೆ, ಮನೆಯಲ್ಲೇ ಕುದಿಸಿಕೊಳ್ಳಬಹುದು. ಅರಿಷ್ಟವೇ ಆಗಬೇಕೋ ಕಷಾಯ ಸಾಕೋ ಎಂದು ವೈದ್ಯರನ್ನು ಕೇಳುವವರೇ ಕಡಿಮೆ ಎಂಬುದು ನನ್ನ ಸಂಕಟ.

ಹುದುಗಿದ್ದೆಲ್ಲ ಹರಾಂ ಎಂದು ಹೆದರಬೇಕಾಗಿಯೂ ಇಲ್ಲ. ಹಾಗಿದ್ದರೆ ಬೆಣ್ಣೆ ದೋಸೆಯೇ ಇರುತ್ತಿರಲಿಲ್ಲ! ರಾತ್ರಿಯಿಡೀ ಉಬ್ಬುವ ದೋಸೆ ಹಿಟ್ಟಿನ ಸೂಕ್ಷ್ಮಜೀವಿಗಳು ಹುಳಿಯ ಜೊತೆಗೆ ತೃಣಮಾತ್ರ ಎಥನಾಲನ್ನೂ ಉಂಟುಮಾಡುತ್ತವೆ. ಎಷ್ಟು ತಿಂದರೂ ಅದು ನಶೆ ಬರಿಸದು. ಪ್ರವಾದಿಯವರು ನೀರಲ್ಲಿ ನೆನೆಹಾಕಿದ ಖರ್ಜೂರದ ಪಾನಕವನ್ನು ಮೂರು ದಿನದ ಒಳಗೆ ಕುಡಿಯುತ್ತಿದ್ದರು, ಆಮೇಲೆ ಬಿಡುತ್ತಿದ್ದರು ಎಂದು ಹದೀಸ್ ಹೇಳುತ್ತದೆ. ಗಡಿ ಇರುವುದು ನಶೆಯಲ್ಲಿ.

ಹಳೇ ಪಿ.ಬಿ. ರಸ್ತೆ ಹಿಡಿದು ಹರಿಹರಕ್ಕೆ ಹೊರಟರೆ ಬಂಕಿನಲ್ಲಿ ತುಂಬಿಸುವ ಪೆಟ್ರೋಲಿನಲ್ಲೂ ಶೇ 20ರಷ್ಟು ಎಥನಾಲ್. ಇಂಧನವನ್ನು ಯಾರೂ ಕುಡಿಯುವುದಿಲ್ಲ, ಹಾಗಾಗಿ ಅದರ ಮಸ್ಲಾ ಬಲು ಹಗುರ. ಹರಿಹರದಲ್ಲಿ, 1224ರಲ್ಲಿ ಪೋಳಾಲ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ಗುಡಿಯ ಬೀದಿ ದಾಟಿ ಪೇಟೆಗೆ ಬಂದರೆ ಸಂಜೆ ಗೋಬಿ ಮಂಚೂರಿಯ ಗಾಡಿಗಳು. ಬಾಣಲೆಗೆ ಬೀಳುವ ವಿನೆಗರ್ ಬಗ್ಗೆಯೂ ಅನುಮಾನ ಪಡುವವರುಂಟು. ಮದ್ಯ ತಾನಾಗಿ ಹುಳಿತು ವಿನೆಗರ್ ಆದರೆ ಅದು ಪಾಕ್ ಎಂಬುದರಲ್ಲಿ ನಾಲ್ಕೂ ಸುನ್ನಿ ಪಂಥಗಳಿಗೆ ಒಮ್ಮತ. ಬೇಕೆಂದೇ ವಿನೆಗರ್ ಮಾಡಿದರೂ ಹನಫಿಗಳಿಗೆ ಅಡ್ಡಿಯಿಲ್ಲ. ಪ್ರವಾದಿಯವರೇ ವಿನೆಗರನ್ನು ಒಳ್ಳೆಯ ವ್ಯಂಜನವೆಂದು ಹೊಗಳಿದ್ದಾರೆ. ಬೇಕರಿಯ ವೆನಿಲ್ಲಾ ಎಸೆನ್ಸ್ ಮಾತ್ರ ಕೇಳಿ ನೋಡಬೇಕಾದ ವಸ್ತು: ಆಲ್ಕೋಹಾಲಿಲ್ಲದ ಬಗೆಯೂ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ.

ಸಂದೇಹ ಬಂದಾಗ ಬರೀ "ಆಲ್ಕೋಹಾಲ್ ಐತೆ" ಎಂದು ಮುಫ್ತಿಯ ಮುಂದೆ ಹೇಳಬೇಡಿ, ಬಾಟಲಿಯನ್ನೇ ಒಯ್ದು ತೋರಿಸಿ. ಮೂಲ ಯಾವುದು, ಎಷ್ಟಿದೆ, ಕುಡಿಯಲೋ ಹಚ್ಚಲೋ, ಬದಲಿ ಇದೆಯೋ ಇಲ್ಲವೋ, ಇಷ್ಟು ಗೊತ್ತಾದರೆ ಅವರಿಗೂ ಉತ್ತರ ಸುಲಭ. ವೈದ್ಯರು ಬರೆದ ಔಷಧಿಯನ್ನಂತೂ ಯಾರದೋ ಮಾತು ಕೇಳಿ ಅರ್ಧಕ್ಕೆ ನಿಲ್ಲಿಸಬೇಡಿ. ಅವರನ್ನೇ ಕೇಳಿದರೆ ಆಲ್ಕೋಹಾಲಿಲ್ಲದ ಸಿರಪ್ ಇದ್ದಲ್ಲಿ ಬರೆದುಕೊಡುತ್ತಾರೆ.